ಪಾರಿವಾಳದ ಕರುಳಿನ ಹುಳುಗಳು: ಮೊದಲು ಹಿಕ್ಕೆ ನೋಡಿ, ಆಮೇಲೆ ಮದ್ದು

(ಬೆಂಗಳೂರಿನ ಪಕ್ಷಿಪ್ರಿಯರಿಗೆ ಮತ್ತು ಪಾರಿವಾಳ ಸಾಕುವವರಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಕುಯ್ದುಕೊಂಡ ಹಕ್ಕಿಯನ್ನು ಮನೆಗೆ ತಂದು ಆರೈಕೆ ಮಾಡುವವರು ಇಲ್ಲಿದ್ದೀರಿ. ತಾರಸಿಯ ಮೇಲೆ ಗೂಡು ಕಟ್ಟಿ ರೇಸ್ ಪಾರಿವಾಳ ಸಾಕುವವರಿದ್ದೀರಿ. ದಿನಾ ಬೆಳಗ್ಗೆ ಒಂದು ಚೀಲ ಜೋಳ ತಂದು ಹಕ್ಕಿಗಳಿಗೆ ಎರಚುವವರೂ ಇದ್ದೀರಿ. ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಹುಳುವಿಗೆ ಯಾವ ಔಷಧಿ ಕೊಡಬೇಕು? ಅದಕ್ಕೆ ಉತ್ತರ ಹೇಳುವ ಮೊದಲು ಬೇರೆ ಪ್ರಶ್ನೆಗಳಿವೆ. ಯಾವ ಹುಳು? ಎಷ್ಟಿದೆ? ಎಲ್ಲಿಂದ ಬಂತು? ಇವು ಗೊತ್ತಿಲ್ಲದೆ ಕೊಟ್ಟ ಔಷಧಿ ಹಲವು ಸಲ ಹುಳುವಿಗಿಂತ ಹೆಚ್ಚು ಕೆಡುಕು ಮಾಡುತ್ತದೆ. ಇವತ್ತಿನ ಮಾತೆಲ್ಲ ಈ ಒಂದು ವಿಷಯದ ಸುತ್ತಲೇ.

ನಗರದ ಪಾರಿವಾಳದ ಶಾಸ್ತ್ರೀಯ ಹೆಸರು ಕೊಲಂಬಾ ಲಿವಿಯ. ಬಂಡೆಯ ಸಂದುಗಳಲ್ಲಿ ಗೂಡು ಮಾಡುತ್ತಿದ್ದ ಕಾಡು ಹಕ್ಕಿಯನ್ನು ಮನುಷ್ಯ ಸಾವಿರಾರು ವರ್ಷಗಳ ಹಿಂದೆ ಸಾಕಿಕೊಂಡ. ಸಾಕಿದವು ತಪ್ಪಿಸಿಕೊಂಡು ಮತ್ತೆ ಸ್ವತಂತ್ರವಾದವು. ಬಂಡೆಯ ಜಾಗದಲ್ಲಿ ಈಗ ಅಪಾರ್ಟ್‌ಮೆಂಟಿನ ಸಜ್ಜಾ, ಎ.ಸಿ. ಪೆಟ್ಟಿಗೆಯ ಹಿಂಬದಿ, ಮೇಲ್ಸೇತುವೆಯ ತಳ ಇವೆ. ಹುಳುವಿನ ದೃಷ್ಟಿಯಿಂದ ಮುಖ್ಯವಾದ ಸಂಗತಿ ಎಂದರೆ ಇದು ನೆಲದ ಮೇಲೆ ಕಾಳು ಹೆಕ್ಕಿ ತಿನ್ನುವ ಹಕ್ಕಿ, ಅದೂ ಗುಂಪಾಗಿ. ತಿನ್ನುವ ಜಾಗದಲ್ಲೇ ಹಿಕ್ಕೆ ಹಾಕುತ್ತದೆ. ನಮ್ಮ ಆಲ, ಅತ್ತಿ ಮರಗಳಿಗೆ ಬರುವ ಹಸಿರು ಪಾರಿವಾಳವೂ ಇದೇ ಕುಟುಂಬದ್ದು. ಆದರೆ ಅದು ಕೊಂಬೆಯ ಮೇಲೆಯೇ ಹಣ್ಣು ತಿನ್ನುತ್ತದೆ, ನೆಲಕ್ಕಿಳಿಯುವುದು ಕಡಿಮೆ. ಹಾಗಾಗಿ ಮಣ್ಣಿನಲ್ಲಿ ಬಿದ್ದ ಹುಳುವಿನ ಮೊಟ್ಟೆ ಅದರ ಬಾಯಿಗೆ ಹೋಗುವ ಅವಕಾಶವೂ ಕಡಿಮೆ.

ಇನ್ನೊಂದು ವ್ಯತ್ಯಾಸವನ್ನೂ ಗಮನಿಸಬೇಕು. ಕೋಳಿಯ ಕರುಳಿನಲ್ಲಿ ಸೀಕಮ್ ಎಂಬ ಎರಡು ಉದ್ದನೆಯ ಕುರುಡು ಚೀಲಗಳಿರುತ್ತವೆ. ಪಾರಿವಾಳದಲ್ಲಿ ಅವು ಮೊಗ್ಗಿನಷ್ಟು ಚಿಕ್ಕವು. ಕೋಳಿಗಳಲ್ಲಿ ಸರ್ವೇಸಾಮಾನ್ಯವಾದ ಸೀಕಮ್ ಹುಳುವಿಗೆ, ಅಂದರೆ ಹೆಟರಾಕಿಸ್‌ಗೆ, ಪಾರಿವಾಳದಲ್ಲಿ ನೆಲೆ ಸಿಗುವುದು ಅಪರೂಪ. ಕೋಳಿಸಾಕಣೆಯ ತಿಳಿವಳಿಕೆಯನ್ನು ಹಾಗೆಯೇ ಪಾರಿವಾಳಕ್ಕೆ ಅನ್ವಯಿಸಲು ಆಗುವುದಿಲ್ಲ. ಈ ಮಾತು ಔಷಧಿಯ ವಿಷಯದಲ್ಲಿ ಮತ್ತೆ ಬರುತ್ತದೆ.

ಯಾವ ಯಾವ ಹುಳುಗಳು

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ದೊಡ್ಡ ದುಂಡುಹುಳು, ಅಸ್ಕಾರಿಡಿಯ ಕೊಲಂಬೆ. 1790ರಲ್ಲೇ ವಿಜ್ಞಾನದ ದಾಖಲೆಗೆ ಸೇರಿದ ಹುಳು ಇದು. ಬಿಳಿ ಬಣ್ಣ, ಹೆಣ್ಣು ಸುಮಾರು 9 ಸೆಂ.ಮೀ. ತನಕ ಬೆಳೆಯಬಹುದು, ಗಂಡು ಇನ್ನೂ ಗಿಡ್ಡ. ಸಣ್ಣ ಕರುಳಿನ ಪೊಳ್ಳಿನಲ್ಲಿ ಸಡಿಲವಾಗಿ ಇರುತ್ತದೆ, ಗೋಡೆಗೆ ಕಚ್ಚಿಕೊಳ್ಳುವುದಿಲ್ಲ. ಇದರ ಬದುಕು ನೇರ: ಹಿಕ್ಕೆಯಲ್ಲಿ ಹೊರಬಿದ್ದ ಮೊಟ್ಟೆಯೊಳಗೆ ಬೆಚ್ಚಗಿನ ತೇವದಲ್ಲಿ ಸುಮಾರು 2 ವಾರಕ್ಕೆ ಮರಿಹುಳು ಸಿದ್ಧವಾಗುತ್ತದೆ, ಅದನ್ನು ಇನ್ನೊಂದು ಹಕ್ಕಿ ಕಾಳಿನ ಜೊತೆ ನುಂಗುತ್ತದೆ. ಕರುಳಿನಲ್ಲಿ ಒಡೆದ ಮರಿಹುಳು ಒಳಪೊರೆಗೆ ಹೊಕ್ಕು ಕೆಲಕಾಲ ಅಲ್ಲಿದ್ದು ಮತ್ತೆ ಪೊಳ್ಳಿಗೆ ಬರುತ್ತದೆ. ನುಂಗಿದ ದಿನದಿಂದ ಹಿಕ್ಕೆಯಲ್ಲಿ ಹೊಸ ಮೊಟ್ಟೆ ಕಾಣಿಸಿಕೊಳ್ಳಲು 5ರಿಂದ 6 ವಾರ ಬೇಕು.

ಈ 5–6 ವಾರ ಎಂಬುದನ್ನು ನೆನಪಿಟ್ಟುಕೊಳ್ಳಿ. ಪಾರಿವಾಳದ ಮರಿ ಸುಮಾರು 1 ತಿಂಗಳಿಗೆ ಗೂಡು ಬಿಡುತ್ತದೆ. ಗೂಡಿನಲ್ಲಿರುವ ಮರಿಗೆ ದುಂಡುಹುಳು ತಗುಲಿದ್ದರೂ ಅದರ ಹಿಕ್ಕೆಯಲ್ಲಿ ಮೊಟ್ಟೆ ಸಿಗುವುದಿಲ್ಲ, ಹುಳುಗಳಿಗೆ ಇನ್ನೂ ಪ್ರಾಯ ಬಂದಿರುವುದಿಲ್ಲ. ಆದರೆ ಹೆಚ್ಚು ಪೆಟ್ಟು ಬೀಳುವುದು ಮರಿಗಳಿಗೇ. ದೊಡ್ಡ ಹಕ್ಕಿಗಳಲ್ಲಿ ಪ್ರತಿರೋಧ ಬೆಳೆದಿರುತ್ತದೆ. ನಾಲ್ಕಾರು ಹುಳು ಇಟ್ಟುಕೊಂಡೇ ಚೆನ್ನಾಗಿ ಹಾರಾಡಿಕೊಂಡಿರುತ್ತವೆ. ಮರಿಯಲ್ಲಿ ಸಂಖ್ಯೆ ಏರಿದರೆ ತೂಕ ಇಳಿಯುತ್ತದೆ, ಕರುಳು ಕಟ್ಟಿಕೊಂಡು ಸಾಯುವುದೂ ಉಂಟು.

ಎರಡನೆಯದು ಕೂದಲೆಳೆಯಷ್ಟು ತೆಳುವಾದ ಕ್ಯಾಪಿಲೇರಿಯ. ಪಾರಿವಾಳದಲ್ಲಿ ಮುಖ್ಯವಾದ ಪ್ರಭೇದ ಕ್ಯಾಪಿಲೇರಿಯ ಒಬ್‌ಸಿಗ್ನಾಟ. ಉದ್ದ 1ರಿಂದ 2 ಸೆಂ.ಮೀ. ಒಳಗೆ, ದಪ್ಪ ಎಷ್ಟು ಕಡಿಮೆ ಎಂದರೆ ಕರುಳು ಕುಯ್ದು ನೋಡಿದರೂ ಬರಿಗಣ್ಣಿಗೆ ತಪ್ಪಿಹೋಗುತ್ತದೆ. ಇದು ದುಂಡುಹುಳುವಿನ ಹಾಗೆ ಸಡಿಲವಾಗಿ ಇರುವುದಿಲ್ಲ. ತಲೆಯ ಭಾಗವನ್ನು ಒಳಪೊರೆಯೊಳಗೆ ತೂರಿಸಿಕೊಂಡಿರುತ್ತದೆ. ಆದ್ದರಿಂದ ಲೋಳೆ ಭೇದಿ, ಕರುಳಿನ ಉರಿಯೂತ, ದಿನೇದಿನೇ ಸೊರಗುವುದು. ನಮ್ಮ ಅಭಿಪ್ರಾಯದಲ್ಲಿ ನಗರದ ಪಾರಿವಾಳಗಳ ಮಟ್ಟಿಗೆ ಕಣ್ಣಿಗೆ ಬೀಳುವ ದೊಡ್ಡ ಹುಳುವಿಗಿಂತ ಕಣ್ಣಿಗೆ ಬೀಳದ ಇದರ ಬಗ್ಗೆ ಹೆಚ್ಚು ಎಚ್ಚರ ಬೇಕು. ಇದರ ಮೊಟ್ಟೆ ಬೆಚ್ಚಗಿನ ತೇವದಲ್ಲಿ ಹೆಚ್ಚುಕಡಿಮೆ ಒಂದು ವಾರದಲ್ಲೇ ಸೋಂಕು ತಗುಲಿಸುವ ಹಂತ ತಲುಪಬಲ್ಲದು, ನುಂಗಿದ ಮೇಲೆ ಸುಮಾರು 3 ವಾರಕ್ಕೆ ಹೊಸ ಮೊಟ್ಟೆ ಶುರುವಾಗುತ್ತದೆ. ಕೋಳಿ, ಟರ್ಕಿಗಳಿಗೂ ಇದೇ ಹುಳು ತಗುಲುತ್ತದೆ. ಇದರ ಬಂಧುವಾದ ಕ್ಯಾಪಿಲೇರಿಯ ಕಾಡಿನ್‌ಫ್ಲಾಟಕ್ಕೆ ಮಾತ್ರ ನಡುವೆ ಎರೆಹುಳು ಬೇಕು.

ಲಾಡಿಹುಳುಗಳ ದಾರಿಯೇ ಬೇರೆ. ರಾಯ್ಲಿಟಿನಾ ಜಾತಿಯವು 25 ಸೆಂ.ಮೀ. ತನಕ ಬೆಳೆಯುತ್ತವೆ, ಭಾರತದಲ್ಲಿ ಕೋಟುಗ್ನಿಯ ಎಂಬ ಜಾತಿಯವೂ ಕಾಣಸಿಗುತ್ತವೆ, ಅವುಗಳ ಒಂದೊಂದು ತುಣುಕಿನಲ್ಲೂ ಎರಡೆರಡು ಜೊತೆ ಜನನಾಂಗಗಳಿರುವುದು ಗುರುತು. ಲಾಡಿಹುಳುವಿನ ಮೊಟ್ಟೆಯನ್ನು ಪಾರಿವಾಳ ನೇರವಾಗಿ ನುಂಗಿದರೆ ಏನೂ ಆಗುವುದಿಲ್ಲ. ಹಿಕ್ಕೆಯಲ್ಲಿ ಉದುರಿದ ತುಣುಕನ್ನು ಇರುವೆ ತಿನ್ನಬೇಕು, ಇರುವೆಯ ಹೊಟ್ಟೆಯಲ್ಲಿ ಅದು ಬೆಳೆಯಬೇಕು, ಆ ಇರುವೆಯನ್ನು ಹಕ್ಕಿ ಕಾಳಿನ ಜೊತೆ ನುಂಗಬೇಕು. ಕಾಳಿನ ರಾಶಿಗೆ ಇರುವೆ ಮುತ್ತುವ ಜಾಗದಲ್ಲಿ ಈ ಮೂರೂ ಸುಲಭವಾಗಿ ನಡೆಯುತ್ತವೆ. ಹಿಕ್ಕೆಯ ಮೇಲೆ ಅನ್ನದ ಅಗುಳಿನಂಥ ಬಿಳಿ ತುಣುಕು ಮೆಲ್ಲಗೆ ಹೊರಳಾಡುತ್ತಿದ್ದರೆ ಅದು ಲಾಡಿಹುಳುವಿನದೇ.

ಇನ್ನೊಂದು ಹೆಸರನ್ನು ರೇಸ್ ಹಕ್ಕಿ ಸಾಕುವವರು ತಿಳಿದಿರಬೇಕು: ಆರ್ನಿಥೋಸ್ಟ್ರಾಂಜೈಲಸ್. ರಕ್ತ ಹೀರುವ ಕೆಂಬಣ್ಣದ ಸಣ್ಣ ಹುಳು, 1ರಿಂದ 2.5 ಸೆಂ.ಮೀ. ಉದ್ದ. ಇದು ಹೆಚ್ಚಾದಾಗ ಹಕ್ಕಿ ಪಿತ್ತ ಬೆರೆತ ನೀರು ಕಕ್ಕುತ್ತದೆ, ಹಸಿರು ಭೇದಿ ಆಗುತ್ತದೆ, ಬೇಗ ಸಾಯುತ್ತದೆ.

ಮೊಟ್ಟೆಗೆ ಬೇಕಾದದ್ದು ನೆರಳು, ತೇವ

ಹುಳುವಿನ ಮೊಟ್ಟೆಯ ಶತ್ರುಗಳು ಎರಡೇ: ಒಣಗುವಿಕೆ ಮತ್ತು ನೇರ ಬಿಸಿಲು. ಬೆಂಗಳೂರಿನ ಹವೆ ಮೊಟ್ಟೆಗೆ ಹೇಳಿ ಮಾಡಿಸಿದ್ದು. ಮೇ ತಿಂಗಳಿಂದ ಅಕ್ಟೋಬರ್ ಕೊನೆಯವರೆಗೂ ಬಿಟ್ಟು ಬಿಟ್ಟು ಮಳೆ, ವರ್ಷದ ಬಹುಪಾಲು ಹಿತವಾದ ಉಷ್ಣತೆ. ಕಬ್ಬನ್ ಪಾರ್ಕಿನಂಥ ಕಡೆ ಮರದ ನೆರಳಿನ ಮಣ್ಣಿನಲ್ಲಿ ದುಂಡುಹುಳುವಿನ ದಪ್ಪ ಕವಚದ ಮೊಟ್ಟೆ ತಿಂಗಳುಗಟ್ಟಲೆ ಉಳಿಯಬಲ್ಲದು. ಅದೇ ಮೊಟ್ಟೆ ಮಾರ್ಚ್‌–ಏಪ್ರಿಲ್‌ನಲ್ಲಿ ಬಿಸಿಲಿಗೆ ಕಾದ ಸಿಮೆಂಟ್ ತಾರಸಿಯ ಮೇಲೆ ಬಿದ್ದರೆ ಬೇಗ ಸಾಯುತ್ತದೆ. ಅಪಾರ್ಟ್‌ಮೆಂಟಿನಲ್ಲಿ ನೋಡಬೇಕಾದ ಜಾಗ ಎ.ಸಿ. ನೀರಿನ ಪೈಪು ತೊಟ್ಟಿಕ್ಕುವ ಸಜ್ಜಾ. ಸುತ್ತೆಲ್ಲ ಒಣಗಿದ್ದರೂ ಅಲ್ಲಿ ಹಿಕ್ಕೆ ಬೇಸಿಗೆಯಲ್ಲೂ ಒದ್ದೆಯಾಗಿಯೇ ಇರುತ್ತದೆ.

ಕಾಳು ಹಾಕುವ ರೂಢಿಯೂ ಇದರ ಜೊತೆ ಸೇರಿಕೊಳ್ಳುತ್ತದೆ. ದಿನಾ ಒಂದೇ ಜಾಗ, ನೂರಾರು ಹಕ್ಕಿ, ನೆಲದ ಮೇಲೆ ಎರಚಿದ ಜೋಳ, ತಿಂದು ಮುಗಿಯದೆ ಉಳಿದದ್ದು ಮಳೆಗೆ ನೆನೆದು ಹಿಕ್ಕೆಯೊಂದಿಗೆ ಕಲಸಿಹೋಗುವುದು. ನಿನ್ನೆಯ ಹಿಕ್ಕೆಯಿಂದ ಅಪಾಯವಿಲ್ಲ, ಅದರೊಳಗಿನ ಮೊಟ್ಟೆ ಇನ್ನೂ ಬೆಳೆದಿರುವುದಿಲ್ಲ. ಎರಡು ವಾರ ಹಳೆಯದರಿಂದ ಇದೆ. ಗೂಡು ಸ್ವಚ್ಛ ಮಾಡುವ ಲೆಕ್ಕ ಇಲ್ಲಿಂದಲೇ ಹುಟ್ಟುತ್ತದೆ: ವಾರಕ್ಕೆ ಎರಡು ಸಲ ಹಿಕ್ಕೆ ತೆಗೆದರೆ ಕ್ಯಾಪಿಲೇರಿಯಕ್ಕೂ ದುಂಡುಹುಳುವಿಗೂ ಬೆಳೆಯಲು ಸಮಯ ಸಿಗುವುದಿಲ್ಲ. ತಿಂಗಳಿಗೊಮ್ಮೆ ಗೂಡನ್ನೆಲ್ಲ ತೊಳೆದು ಒದ್ದೆಯಾಗಿಯೇ ಬಿಟ್ಟರೆ ಆಗುವುದು ತದ್ವಿರುದ್ಧ, ಮೊಟ್ಟೆಗಳಿಗೆ ಬೇಕಾದ ತೇವವನ್ನು ನಾವೇ ಒದಗಿಸಿದಂತೆ. ಬ್ಲೀಚಿಂಗ್ ಪೌಡರನ್ನು ನಂಬಿ ಕೂರಬೇಡಿ; ದುಂಡುಹುಳುವಿನ ಮೊಟ್ಟೆಯ ಕವಚ ಅದಕ್ಕೆ ಜಗ್ಗುವುದಿಲ್ಲ. ಕೆರೆದು ತೆಗೆಯುವುದು, ಕುದಿಯುವ ನೀರು ಸುರಿಯುವುದು, ಬಿಸಿಲಿಗೆ ಪೂರ್ತಿ ಒಣಗಿಸುವುದು: ಕೆಲಸ ಮಾಡುವುದು ಇವೇ.

ಹಿಕ್ಕೆ ಪರೀಕ್ಷೆ

ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಒಂದು ಸಾಧಾರಣ ಸೂಕ್ಷ್ಮದರ್ಶಕ, ಟೀ ಸೋಸುವ ಜರಡಿ, ಉಪ್ಪು, ಮೊಟ್ಟೆ ಎಣಿಸಲು ಗೆರೆ ಹಾಕಿದ ಎರಡು ಕೋಣೆಗಳ ಮ್ಯಾಕ್‌ಮಾಸ್ಟರ್ ಸ್ಲೈಡು ಇದ್ದರೆ ಸಾಕು. ಕೈಲಾಗದವರು ಮಾದರಿಯನ್ನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ವಿಚಾರಿಸಿ ಕೊಡಬಹುದು. ಆದರೆ ಮಾದರಿ ಸರಿಯಾಗಿ ಹಿಡಿಯುವುದು ನಿಮ್ಮ ಕೈಯಲ್ಲೇ ಇದೆ, ಹೆಚ್ಚಿನ ತಪ್ಪು ಆಗುವುದೂ ಅಲ್ಲೇ.

ಸಂಜೆ ಹಕ್ಕಿಗಳು ಕೂರುವ ಜಾಗದ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಪೇಪರ್ ಬೇಡ, ಅದು ತೇವ ಹೀರಿಕೊಳ್ಳುತ್ತದೆ. ಬೆಳಗ್ಗೆ ಬೇಗ ಎದ್ದು ಹಲವು ಹಿಕ್ಕೆಗಳಿಂದ ಒಟ್ಟು 4–5 ಗ್ರಾಂ ತೆಗೆದುಕೊಳ್ಳಿ. ಬಿಳಿ ಭಾಗ ಯೂರಿಕ್ ಆಮ್ಲ, ಅಂದರೆ ಹಕ್ಕಿಯ ಮೂತ್ರ. ಅದರಲ್ಲಿ ಹುಳುವಿನ ಮೊಟ್ಟೆ ಇರುವುದಿಲ್ಲ. ಹಸಿರು ಅಥವಾ ಕಂದು ಭಾಗವನ್ನೇ ಆರಿಸಿ. ಮಣ್ಣಿನ ಮೇಲೆ ಬಿದ್ದದ್ದನ್ನು ಹೆಕ್ಕಬೇಡಿ. ಮಣ್ಣಿನಲ್ಲಿ ಸ್ವತಂತ್ರವಾಗಿ ಬದುಕುವ ಸಣ್ಣ ಹುಳುಗಳು ಅದರೊಳಗೆ ಸೇರಿಕೊಂಡು, ಇಲ್ಲದ ರೋಗವನ್ನು ಇದೆ ಅನ್ನಿಸುತ್ತವೆ. ಚಿಕ್ಕ ಡಬ್ಬಿಯಲ್ಲಿ ಗಾಳಿಗೆ ಜಾಗವಿಲ್ಲದಂತೆ ತುಂಬಿ, ಸ್ಥಳ, ದಿನಾಂಕ, ಹಕ್ಕಿಗಳ ಸಂಖ್ಯೆ ಬರೆದು 4 ಡಿಗ್ರಿಯ ಆಸುಪಾಸಿನಲ್ಲಿಡಿ. ಫ್ರೀಜರಿನಲ್ಲಿ ಇಡಬಾರದು, ಮೊಟ್ಟೆಗಳು ಕೆಡುತ್ತವೆ.

ಉಪ್ಪಿನ ದ್ರಾವಣಕ್ಕೆ 1 ಲೀಟರ್ ಬಿಸಿನೀರಿಗೆ ಸುಮಾರು 400 ಗ್ರಾಂ ಉಪ್ಪು. ತಣ್ಣಗಾದ ಮೇಲೆ ತಳದಲ್ಲಿ ಕರಗದ ಉಪ್ಪು ಉಳಿದಿರಬೇಕು, ಅದೇ ದ್ರಾವಣ ಸರಿಯಾಗಿದೆ ಎಂಬುದಕ್ಕೆ ಗುರುತು. ಕೋಳಿಮೊಟ್ಟೆ ತೇಲಿಸಿ ನೋಡುವ ಹಳೆಯ ಉಪಾಯ ಇಲ್ಲಿ ಸಾಲದು. ಅದಕ್ಕಿಂತ ಎಷ್ಟೋ ತೆಳುವಾದ ಉಪ್ಪುನೀರಿನಲ್ಲೂ ಕೋಳಿಮೊಟ್ಟೆ ತೇಲುತ್ತದೆ. ನಮಗೆ ಬೇಕಾದ ಸಾಂದ್ರತೆ 1.2 (ಬರೀ ನೀರಿನದು 1). ಅಂಗಡಿಯ ಪುಡಿಉಪ್ಪು ನೀರನ್ನು ಮಬ್ಬಾಗಿಸಿದರೆ ಬಟ್ಟೆಯಲ್ಲಿ ಸೋಸಿಕೊಳ್ಳಿ.

2 ಗ್ರಾಂ ಹಿಕ್ಕೆಗೆ 28 ಮಿ.ಲೀ. ಈ ದ್ರಾವಣ ಹಾಕಿ ಚೆನ್ನಾಗಿ ಕದಡಿ, ಜರಡಿಯಲ್ಲಿ ಸೋಸಿ. ಸೋಸಿದ್ದನ್ನು ಇನ್ನೊಮ್ಮೆ ಕಲಕಿ, ತಡಮಾಡದೆ ಮ್ಯಾಕ್‌ಮಾಸ್ಟರ್ ಸ್ಲೈಡಿನ ಎರಡೂ ಕೋಣೆಗಳಿಗೆ ತುಂಬಿ. ತಡಮಾಡಿದರೆ ಮೊಟ್ಟೆಗಳು ಪಾತ್ರೆಯಲ್ಲೇ ಮೇಲಕ್ಕೆ ಹೋಗಿಬಿಡುತ್ತವೆ, ಲೆಕ್ಕ ಕಡಿಮೆ ಬರುತ್ತದೆ. 5 ನಿಮಿಷ ಬಿಡಿ. ಮೊಟ್ಟೆಗಳು ಮೇಲಿನ ಗಾಜಿಗೆ ತಾಗುವಂತೆ ಏರುತ್ತವೆ, ಕಸ ಕೆಳಗಿಳಿಯುತ್ತದೆ. ಸೂಕ್ಷ್ಮದರ್ಶಕದ 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ಗೆರೆಗಳ ಒಳಗಿನ ಮೊಟ್ಟೆಗಳನ್ನು ಎಣಿಸಿ. ಒಂದೊಂದು ಕೋಣೆ 0.15 ಮಿ.ಲೀ., ಎರಡೂ ಸೇರಿ 0.3 ಮಿ.ಲೀ.; ಅಷ್ಟರಲ್ಲಿ ಇರುವುದು ಹಿಕ್ಕೆಯ ಒಂದು ಗ್ರಾಮಿನ ಐವತ್ತನೇ ಒಂದು ಭಾಗ. ಆದ್ದರಿಂದ ಎರಡೂ ಕೋಣೆಗಳ ಮೊತ್ತವನ್ನು 50ರಿಂದ ಗುಣಿಸಿದರೆ ಗ್ರಾಮಿಗೆ ಎಷ್ಟು ಮೊಟ್ಟೆ ಎಂಬುದು ಸಿಗುತ್ತದೆ. ಅರ್ಧ ಗಂಟೆ ಬಿಟ್ಟು ಬಂದು ನೋಡುತ್ತೇನೆ ಅಂದರೆ ಆಗದು. ಉಪ್ಪು ಹರಳುಗಟ್ಟುತ್ತದೆ, ತೆಳು ಕವಚದ ಮೊಟ್ಟೆಗಳು ಸುಕ್ಕಾಗಿ ಗುರುತು ಸಿಗುವುದಿಲ್ಲ.

ಈ ವಿಧಾನದಲ್ಲಿ ಒಂದೇ ಒಂದು ಮೊಟ್ಟೆ ಕಂಡರೂ ಲೆಕ್ಕ 50. ಅಂದರೆ ಅದಕ್ಕಿಂತ ಕಡಿಮೆ ಇದ್ದಾಗ ಸೊನ್ನೆ ಬರಬಹುದು. ಸೊನ್ನೆ ಬಂದರೆ ಉಳಿದ ದ್ರಾವಣವನ್ನು ಸಣ್ಣ ಕೊಳವೆಗೆ ಅಂಚು ಉಬ್ಬುವಷ್ಟು ತುಂಬಿ, ಮೇಲೆ ಕವರ್ ಗಾಜು ಇಟ್ಟು 15 ನಿಮಿಷ ಬಿಟ್ಟು, ಗಾಜನ್ನು ನೇರಕ್ಕೆ ಎತ್ತಿ ಸ್ಲೈಡಿನ ಮೇಲಿಟ್ಟು ನೋಡಿ.

ದುಂಡುಹುಳುವಿನ ಮೊಟ್ಟೆ ಅಂಡಾಕಾರ, ನುಣುಪು, ದಪ್ಪ ಕವಚ, ಉದ್ದ 70ರಿಂದ 90 ಮೈಕ್ರಾನ್ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದ ಒಂದು ಭಾಗ). ಕ್ಯಾಪಿಲೇರಿಯದ್ದು 50 ಮೈಕ್ರಾನಿನ ಹತ್ತಿರ, ಎರಡೂ ತುದಿಗೆ ಬಿರಡೆಯಂಥ ಮುಚ್ಚಳ. ಒಮ್ಮೆ ನೋಡಿದರೆ ಮತ್ತೆ ಮರೆಯುವುದಿಲ್ಲ. ತೆಳು ಕವಚದೊಳಗೆ ಹಲವು ಕೋಶಗಳಾಗಿ ಒಡೆದದ್ದು ಕಂಡರೆ ಆರ್ನಿಥೋಸ್ಟ್ರಾಂಜೈಲಸ್ ಇರಬಹುದು. 20 ಮೈಕ್ರಾನಿನ ದುಂಡನೆಯವು ಕಂಡರೆ ಅವು ಹುಳುವಿನವೇ ಅಲ್ಲ, ಕಾಕ್ಸಿಡಿಯ ಎಂಬ ಏಕಕೋಶ ಜೀವಿಯವು. ಅದಕ್ಕೆ ಔಷಧಿ ಬೇರೆ. ಕಪ್ಪು ದಪ್ಪ ಅಂಚಿನ ಪೂರ್ಣ ವೃತ್ತ ಗಾಳಿಗುಳ್ಳೆ. ಲಾಡಿಹುಳು ಮಾತ್ರ ಈ ಪರೀಕ್ಷೆಗೆ ಸರಿಯಾಗಿ ಸಿಗುವುದಿಲ್ಲ, ಅದರ ಮೊಟ್ಟೆಗಳು ತುಣುಕಿನೊಳಗೇ ಇರುತ್ತವೆ. ಅದಕ್ಕೆ ತಾಜಾ ಹಿಕ್ಕೆಯನ್ನು ಕಣ್ಣಿಟ್ಟು ನೋಡುವುದೇ ದಾರಿ.

ಹುಳು ಇದ್ದ ಮಾತ್ರಕ್ಕೆ ರೋಗ ಅದರದೇ ಅಲ್ಲ

ಎದೆಮೂಳೆ ಕತ್ತಿಯಂತೆ ಎದ್ದು ಕಾಣುವ, ಹಸಿರು ಹಿಕ್ಕೆ ಹಾಕುವ ಹಕ್ಕಿ ಸಿಕ್ಕಿದ ಕೂಡಲೇ ಹುಳು ಅನ್ನುವವರೇ ಹೆಚ್ಚು. ಹಸಿರು ಬಣ್ಣ ಪಿತ್ತದ್ದು, ಎರಡು ದಿನ ತಿನ್ನದ ಯಾವ ಹಕ್ಕಿಯಾದರೂ ಹಾಗೆಯೇ ಹಾಕುತ್ತದೆ. ಮೊದಲು ಬಾಯಿ ತೆರೆದು ನೋಡಿ. ಒಳಗೆ ಹಳದಿ ಗಿಣ್ಣಿನಂಥ ಗಡ್ಡೆ ಇದ್ದರೆ ಅದು ಟ್ರೈಕೊಮೊನಾಸ್ ಎಂಬ ಏಕಕೋಶ ಜೀವಿಯ ಸೋಂಕು, ಹಕ್ಕಿ ನುಂಗಲಾಗದೆ ಸೊರಗಿರುತ್ತದೆ. ಕತ್ತು ತಿರುಚಿಕೊಂಡು, ನೀರು ನೀರಾಗಿ ಹಾಕುತ್ತಿದ್ದರೆ ಪಾರಿವಾಳದ ಪ್ಯಾರಾಮಿಕ್ಸೊ ವೈರಸ್ ಇರಬಹುದು. ಇಂಥ ಹಕ್ಕಿಗಳ ಹಿಕ್ಕೆಯಲ್ಲೂ ಹುಳುವಿನ ಮೊಟ್ಟೆ ಸಿಗುತ್ತದೆ, ಯಾಕೆಂದರೆ ಚೆನ್ನಾಗಿರುವ ಹಕ್ಕಿಗಳಲ್ಲೂ ಸಿಗುತ್ತದೆ. ಮೊಟ್ಟೆ ಸಿಕ್ಕಿತು ಎಂದು ಹುಡುಕಾಟ ನಿಲ್ಲಿಸಿದರೆ ನಿಜವಾದ ರೋಗ ಕೈತಪ್ಪುತ್ತದೆ.

ಔಷಧಿಯಲ್ಲಿ ಆಗುವ ಅನಾಹುತ

ದಯವಿಟ್ಟು ಈ ಭಾಗವನ್ನು ಗಮನವಿಟ್ಟು ಕೇಳಿ. ಫೆನ್‌ಬೆಂಡಜೋಲ್, ಆಲ್ಬೆಂಡಜೋಲ್ ಇವು ದನ, ನಾಯಿ, ಕೋಳಿಗಳಿಗೆ ಧಾರಾಳವಾಗಿ ಬಳಸುವ ಔಷಧಿಗಳು. ಪಾರಿವಾಳಕ್ಕೆ ಇವು ವಿಷವಾಗಬಲ್ಲವು. ಬೇಗ ಬೇಗ ವಿಭಜನೆಯಾಗುವ ಕೋಶಗಳಿಗೆ ಪೆಟ್ಟು ಬೀಳುತ್ತದೆ: ಮೂಳೆಯ ಮಜ್ಜೆ ರಕ್ತಕಣ ಮಾಡುವುದನ್ನು ನಿಲ್ಲಿಸುತ್ತದೆ, ಕರುಳಿನ ಒಳಪೊರೆ ಕೊಳೆಯುತ್ತದೆ, ಗರಿ ಬದಲಾಗುವ ಕಾಲವಾದರೆ ಹೊಸ ಗರಿ ಸೊಟ್ಟಗೆ ಬೆಳೆಯುತ್ತದೆ. ಔಷಧಿ ಕೊಟ್ಟು ಕೆಲವು ದಿನಗಳಾದ ಮೇಲೆ ಹಕ್ಕಿ ಸತ್ತರೆ ‘ಹುಳು ಜಾಸ್ತಿಯಿತ್ತು’ ಎಂದುಕೊಳ್ಳುತ್ತಾರೆ.

ನಾಯಿಗೆ ತಂದ ಮಾತ್ರೆಯಲ್ಲಿ ಕಾಲು ಭಾಗ ಮುರಿದು ಕೊಡುವ ಅಭ್ಯಾಸವನ್ನು ಲೆಕ್ಕ ಹಾಕಿಯೇ ನೋಡೋಣ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ನಾಯಿಯ ಜಂತು ಮಾತ್ರೆಯಲ್ಲಿ ಪ್ರಾಜಿಕ್ವಾಂಟೆಲ್ 50 ಮಿ.ಗ್ರಾಂ., ಪೈರಾಂಟೆಲ್ 144 ಮಿ.ಗ್ರಾಂ., ಫೆಬಾಂಟೆಲ್ 150 ಮಿ.ಗ್ರಾಂ. ಇರುತ್ತದೆ. ಪಾರಿವಾಳದ ತೂಕ 300 ಗ್ರಾಂ ಎಂದಿಟ್ಟುಕೊಳ್ಳಿ. ಕಿಲೋಗೆ 10 ಮಿ.ಗ್ರಾಂ. ಲೆಕ್ಕದಲ್ಲಿ ಅದಕ್ಕೆ ಬೇಕಾದ ಪ್ರಾಜಿಕ್ವಾಂಟೆಲ್ 3 ಮಿ.ಗ್ರಾಂ.; ಕಾಲು ಮಾತ್ರೆಯಲ್ಲಿ ಹೋಗುವುದು 12.5. ಅದಕ್ಕಿಂತ ಭಯಂಕರ ಫೆಬಾಂಟೆಲ್. ಅದು ದೇಹದೊಳಗೆ ಫೆನ್‌ಬೆಂಡಜೋಲ್ ಆಗಿ ಬದಲಾಗುತ್ತದೆ, ಕಾಲು ಮಾತ್ರೆಯಲ್ಲಿ ಅದು 37.5 ಮಿ.ಗ್ರಾಂ., ಅಂದರೆ ಕಿಲೋಗೆ 125 ಮಿ.ಗ್ರಾಂ. ಮಾತ್ರೆಯ ಹೆಸರಲ್ಲಿ ಫೆನ್‌ಬೆಂಡಜೋಲ್ ಇಲ್ಲದ್ದರಿಂದ ಯಾರಿಗೂ ಅನುಮಾನವೇ ಬರುವುದಿಲ್ಲ.

ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್, ದುಂಡುಹುಳುವಿಗೆ ಪೈರಾಂಟೆಲ್ ಅಥವಾ ಲೆವಮಿಸೋಲ್, ಕ್ಯಾಪಿಲೇರಿಯಕ್ಕೆ ಲೆವಮಿಸೋಲ್, ಇದು ಸ್ಥೂಲವಾದ ಹಂಚಿಕೆ. ಲೆವಮಿಸೋಲ್‌ನಲ್ಲಿ ಗುಣದ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ಕಡಿಮೆ, ಸರಿಯಾದ ಪ್ರಮಾಣದಲ್ಲೂ ಹಕ್ಕಿ ವಾಂತಿ ಮಾಡಬಹುದು. ಪ್ರಮಾಣ ಪಶುವೈದ್ಯರೇ ನಿರ್ಧರಿಸಬೇಕು. ನೀವು ಮಾಡಬೇಕಾದದ್ದು ಹಕ್ಕಿಯನ್ನು ಬಟ್ಟೆಚೀಲದಲ್ಲಿಟ್ಟು ಅಡುಗೆಮನೆಯ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿ ಬರೆದುಕೊಳ್ಳುವುದು. ಗಾಯವಾಗಿ, ಹಸಿದು ಬಂದ ಹಕ್ಕಿಗೆ ಮೊದಲ ದಿನವೇ ಜಂತು ಔಷಧಿ ಬೇಡ. ಬೆಚ್ಚಗಿಡಿ, ನೀರು ಕೊಡಿ, ತಿನ್ನುವಂತಾಗಲಿ, ತೂಕ ಏರಲು ಶುರುವಾಗಲಿ. ಔಷಧಿ ಕೊಟ್ಟು 2–3 ವಾರಕ್ಕೆ ಹಿಕ್ಕೆಯನ್ನು ಮತ್ತೆ ನೋಡಿ. ಒಳಪೊರೆಯಲ್ಲಿದ್ದ ಮರಿಹುಳುಗಳು ಔಷಧಿಗೆ ಸಿಗದೆ ಉಳಿದು ಬೆಳೆದಿರಬಹುದು.

ಕಾಳಿಗೆ ಔಷಧಿ ಬೆರೆಸಿ ಪಾರ್ಕಿನಲ್ಲಿ ಎರಚುವುದು ಒಳ್ಳೆಯ ಮನಸ್ಸಿನಿಂದ ಮಾಡುವ ಕೆಲಸ, ಆದರೆ ದಯವಿಟ್ಟು ಬೇಡ. ಬಲವಾದ ಹಕ್ಕಿ ಹೆಚ್ಚು ತಿನ್ನುತ್ತದೆ, ಔಷಧಿ ಬೇಕಾದ ಸೊರಗಿದ ಹಕ್ಕಿಗೆ ಕಾಳು ದಕ್ಕುವುದಿಲ್ಲ. ಅರೆಬರೆ ಪ್ರಮಾಣ ಸಿಕ್ಕ ಹುಳುಗಳಲ್ಲಿ ಔಷಧಿಗೆ ಬಗ್ಗದವು ಉಳಿಯುತ್ತವೆ. ಬೆಳವ, ಗುಬ್ಬಿ, ಅಳಿಲು ಕೂಡ ಅದೇ ಕಾಳನ್ನು ತಿನ್ನುತ್ತವೆ. ಎರಡು ವಾರ ಕಳೆದರೆ ಅದೇ ನೆಲದಿಂದ ಮತ್ತೆ ಸೋಂಕು.

ಸಭೆಯಿಂದ ಬಂದ ಪ್ರಶ್ನೆಗಳು

ಸತ್ತ ಪಾರಿವಾಳವನ್ನು ಕುಯ್ದು ನೋಡಬಹುದೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದರು. ಒಂದೇ ಕಡೆ ಹಲವು ಹಕ್ಕಿಗಳು ಒಮ್ಮೆಲೇ ಸತ್ತಿದ್ದರೆ ಮುಟ್ಟಲೇಬೇಡಿ, ಪಶುಪಾಲನಾ ಇಲಾಖೆಗೆ ತಿಳಿಸಿ. ಹಕ್ಕಿಜ್ವರದ ಸಾಧ್ಯತೆ ಇರುತ್ತದೆ. ಉಳಿದಂತೆ ಮೇಲ್ವಿಚಾರಕರ ಎದುರಿನಲ್ಲಿ, ಕೈಗವಸು, ಎನ್‌–95 ಮಾಸ್ಕ್ ಹಾಕಿಕೊಂಡು, ಗರಿಗಳನ್ನು ಸೋಪುನೀರಿನಲ್ಲಿ ನೆನೆಸಿ ಶುರುಮಾಡಿ. ಗರಿಯ ಧೂಳಿನಿಂದ ಸಿಟಕೋಸಿಸ್‌ನಂಥ ರೋಗ ಬರಬಹುದು. ಕರುಳನ್ನು ಲೀಟರಿಗೆ 9 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ, ಕಪ್ಪು ತಟ್ಟೆಯಲ್ಲಿಟ್ಟು, ಮೊಂಡು ತುದಿಯ ಕತ್ತರಿಯಿಂದ ಉದ್ದಕ್ಕೆ ಸೀಳಿ. ಕ್ಯಾಪಿಲೇರಿಯ ಬೇಕಿದ್ದರೆ ಒಳಪೊರೆಯನ್ನು ಸ್ಲೈಡಿನ ಅಂಚಿನಿಂದ ಕೆರೆದು ನುಣ್ಣನೆಯ ಜರಡಿಯಲ್ಲಿ ತೊಳೆದು ನೋಡಿ. ಲಾಡಿಹುಳುವನ್ನು ಎಳೆಯಬೇಡಿ; ತಲೆ ಕರುಳಿನಲ್ಲೇ ಉಳಿದುಬಿಟ್ಟರೆ ಪ್ರಭೇದ ಗುರುತಿಸುವುದು ಕಷ್ಟ. ತಲೆ ಅಂಟಿದ ಒಳಪೊರೆಯ ಚೂರಿನ ಸಮೇತ ಬಿಡಿಸಿ. ದುಂಡುಹುಳುಗಳನ್ನು ಬಿಸಿ ಮಾಡಿದ 70 ಶೇಕಡಾ ಆಲ್ಕೊಹಾಲಿಗೆ ಹಾಕಿದರೆ ನೆಟ್ಟಗಾಗಿ ನಿಲ್ಲುತ್ತವೆ. ಆಲ್ಕೊಹಾಲನ್ನು ನೇರವಾಗಿ ಬೆಂಕಿಯ ಮೇಲಿಡದೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಬಿಸಿಮಾಡಿ. ಡಿಎನ್‌ಎ ಪರೀಕ್ಷೆ ಮಾಡುವುದಿದ್ದರೆ ಫಾರ್ಮಲಿನ್ ಬೇಡ.

ತಾರಸಿಯಲ್ಲಿ ನಾಟಿಕೋಳಿ ಸಾಕುವ ಒಬ್ಬರಿಗೆ, ಪಾರಿವಾಳ ಬಂದು ಮೇವು ತಿಂದರೆ ಏನು ಎಂಬ ಚಿಂತೆ. ಪಾರಿವಾಳದ ದುಂಡುಹುಳು ಮುಖ್ಯವಾಗಿ ಪಾರಿವಾಳದ್ದೇ. ಕೋಳಿಯದು ಅಸ್ಕಾರಿಡಿಯ ಗ್ಯಾಲಿ ಎಂಬ ಬೇರೆ ಪ್ರಭೇದ. ಆದರೆ ಕ್ಯಾಪಿಲೇರಿಯ ಮತ್ತು ರಾಯ್ಲಿಟಿನಾ ಎರಡೂ ಹಂಚಿಕೆಯಾಗುತ್ತವೆ. ಮೇವಿನ ತಟ್ಟೆಯನ್ನು ಬಲೆಯೊಳಗಿಡಿ, ಇರುವೆ ಹತ್ತದಂತೆ ಅದರ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ.

ಬಾಲ್ಕನಿಯಲ್ಲಿ ಆಡುವ ಮಕ್ಕಳಿಗೆ ಈ ಹುಳು ಬರುತ್ತದೆಯೇ ಎಂಬುದು ಹಲವು ತಾಯಂದಿರ ಪ್ರಶ್ನೆ. ಪಾರಿವಾಳದ ದುಂಡುಹುಳು ಮನುಷ್ಯರ ಕರುಳಿನಲ್ಲಿ ನೆಲೆಸುವುದಿಲ್ಲ. ಭಯಪಡಬೇಕಾದದ್ದು ಒಣ ಹಿಕ್ಕೆಯ ಧೂಳಿಗೆ. ಅದನ್ನು ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಗಟ್ಟಿಯಾಗುವ ಅಲರ್ಜಿ ರೋಗ ಬರಬಹುದು, ಕ್ರಿಪ್ಟೊಕಾಕಸ್ ಶಿಲೀಂಧ್ರವೂ ಅದರಲ್ಲಿ ಬೆಳೆಯುತ್ತದೆ. ಹಾಗಾಗಿ ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬಾರದು. ಮಾಸ್ಕ್ ಹಾಕಿ, ಸೋಪುನೀರು ಚಿಮುಕಿಸಿ 10 ನಿಮಿಷ ನೆನೆಯಲು ಬಿಟ್ಟು, ಕೆರೆದು ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಜಾಗಕ್ಕೆ ಕುದಿನೀರು ಸುರಿದು ಒಣಗಲು ಬಿಡಿ. ಎ.ಸಿ. ಪೈಪಿನ ನೀರು ಸಜ್ಜಾದ ಮೇಲೆ ಬೀಳದಂತೆ ಒಂದು ಉದ್ದನೆಯ ನಳಿಗೆ ಜೋಡಿಸಿ ಚರಂಡಿಗೆ ಬಿಡಿ. ಅಲ್ಲಿ ಗೂಡಿದ್ದು ಮೊಟ್ಟೆಯೋ ಮರಿಯೋ ಇದ್ದರೆ, ಮರಿ ಹಾರಿಹೋಗುವ ತನಕ ತಾಳಿ, ಆಮೇಲೆ ಬಲೆ ಕಟ್ಟಿಸಿ.